ಗೋಡೆ ತೆಗೆದರೆ ಮಾತು ಬೆಳೆದೀತೆ?

ಅಮೆರಿಕದ ಎಂಐಟಿಯಲ್ಲಿ 1943ರಲ್ಲಿ ರೇಡಾರ್ ಸಂಶೋಧನೆಗೆಂದು ಅವಸರದಲ್ಲಿ ಎದ್ದ ‘20ನೇ ಕಟ್ಟಡ’ ಮರದ್ದು. ಯುದ್ಧ ಮುಗಿದೊಡನೆ ಕೆಡವಬೇಕಾಗಿದ್ದ ಅದು 1998ರವರೆಗೆ ಉಳಿಯಿತು. ಅದರ ಉದ್ದನೆಯ ಕಾರಿಡಾರುಗಳಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿಯವರಿಗೆ ಎಂಜಿನಿಯರುಗಳು ನೆರೆಯವರು. ತಂತಿ ಎಳೆಯಬೇಕೆಂದರೆ ಗೋಡೆಗೆ ತೂತು ಕೊರೆದರಾಯಿತು, ಅಪ್ಪಣೆಗೆ ಕಾಯಬೇಕಿರಲಿಲ್ಲ.

ಅದೇ ನಿವೇಶನದಲ್ಲಿ 2004ರಲ್ಲಿ ತೆರೆದ ಸ್ಟಾಟಾ ಕೇಂದ್ರದ ಮೂಲಕ ವಾಸ್ತುಶಿಲ್ಪಿ ಫ್ರಾಂಕ್ ಗೆರಿ ಈ ಒಡನಾಟವನ್ನು ಮತ್ತೆ ತರಲು ಯತ್ನಿಸಿದರು. ನೆಲ ಅಂತಸ್ತಿನ ‘ವಿದ್ಯಾರ್ಥಿ ಬೀದಿ’ ಸಫಲವೆಂದೇ ಹೇಳಬೇಕು. ತರಗತಿಗೂ ತಿಂಡಿಗೂ ಒಂದೇ ದಾರಿಯಾದ್ದರಿಂದ ಭೇಟಿ ತಾನಾಗಿ ಆಗುತ್ತದೆ. ಆದರೆ ಓರೆ ಗೋಡೆಗಳಿಗೆ ಪುಸ್ತಕದ ಬೀರು ಒರಗಿಸುವುದು ಹೇಗೆ? ಸೋರಿಕೆ ಕುರಿತು 2007ರಲ್ಲಿ ಸಂಸ್ಥೆಯೇ ದಾವೆ ಹೂಡಿ 2010ರಲ್ಲಿ ರಾಜಿಯಾದದ್ದು ಹಾಗಿರಲಿ. ನನ್ನ ಆಕ್ಷೇಪ ಬೇರೆ: ಹಳೆಯದನ್ನು ಬಳಸುವವರೇ ತಿದ್ದಿಕೊಳ್ಳಬಹುದಿತ್ತು, ಇದು ಮುಗಿದ ಶಿಲ್ಪ.

ಗೋಡೆ ತೆಗೆದರೆ ಮಾತು ಹೆಚ್ಚುತ್ತದೆಂಬುದೂ ಖಚಿತವಲ್ಲ. ಎರಡು ಕಂಪನಿಗಳು ಕಚೇರಿಗಳ ಗೋಡೆ ತೆಗೆದಾಗ ಮುಖಾಮುಖಿ ಸಂಭಾಷಣೆ ಸುಮಾರು ಶೇಕಡ 70ರಷ್ಟು ಕುಸಿಯಿತೆಂದು, ಸಂವೇದಕಗಳಿಂದ ಅಳೆದ 2018ರ ಅಧ್ಯಯನವೊಂದು ತೋರಿಸಿತು, ಮಿಂಚಂಚೆ ಹೆಚ್ಚಿತ್ತು. ನಮ್ಮ ಹೊಸ ಕಾಲೇಜು ಕಟ್ಟಡಗಳ ನಕ್ಷೆ ಒಪ್ಪುವವರು ಬೆಂಗಳೂರಿನ ಐಐಎಂ ನೋಡಿಬರಲಿ. ಅಲ್ಲಿ ಬಿ.ವಿ. ದೋಶಿ ಕಲ್ಲಿನ ಕಾರಿಡಾರುಗಳನ್ನು ನಡೆಯಲು ಬೇಕಾದುದಕ್ಕಿಂತ ಅಗಲವಾಗಿಸಿ ಕೂರಲು ಎಡೆಮಾಡಿದರು. ಕೊಠಡಿಗಳಿಗೆ ಬಾಗಿಲನ್ನೂ ಇಟ್ಟರು.