‘ರೊಕ್ಕ ಕೊಡ್ತದೇನು?’

ಕಲಬುರಗಿ ಜಿಲ್ಲಾ ಪೊಲೀಸರ ದಿನವಹಿ ಪ್ರಕಟಣೆಗಳನ್ನು ಓದುವ ಚಟ ಇದ್ದವರಿಗೆ ಮಟಕಾ ಪ್ರಕರಣದ ಒಕ್ಕಣೆ ಬಾಯಿಪಾಠವಾಗಿರುತ್ತದೆ. ಠಾಣೆ ಆಳಂದದ್ದಿರಲಿ, ಅಫಜಲಪುರದ್ದಿರಲಿ, ಜೇವರ್ಗಿಯದ್ದಿರಲಿ, ಊರು ಮತ್ತು ಆರೋಪಿಯ ಹೆಸರು ಬದಲಾಗುತ್ತವೆ, ಮಿಕ್ಕಿದ್ದೆಲ್ಲ ಅದೇ. ಸಾರ್ವಜನಿಕ ಸ್ಥಳದಲ್ಲಿ ನಿಂತು, ಒಂದು ರೂಪಾಯಿಗೆ 80 ರೂಪಾಯಿ ಎಂದು ಕೂಗಿ, ಜನರಿಂದ ಹಣ ಪಡೆದು ನಂಬರ್ ಬರೆದುಕೊಳ್ಳುತ್ತಿದ್ದವನ ಮೇಲೆ ದಾಳಿ. ಪಂಚರ ಸಮಕ್ಷಮ ಒಂದಿಷ್ಟು ನಗದು, ಒಂದು ಮಟಕಾ ಚೀಟಿ, ಒಂದು ಬಾಲ್ ಪೆನ್ ಜಪ್ತಿ. ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3). ಆ ಬಾಲ್ ಪೆನ್ನು ನನಗೆ ಪ್ರತಿಸಲವೂ ನಗು ತರಿಸುತ್ತದೆ. ಇಡೀ ಉದ್ಯಮದ ಯಂತ್ರೋಪಕರಣ ಅದೊಂದೇ!

ಇಂಥ ಪ್ರಕಟಣೆಗಳಲ್ಲಿ ನಾನು ಓದಿದಷ್ಟರ ಮಟ್ಟಿಗೆ ‘ನಂಬರ್ ಬಂತು, ರೊಕ್ಕ ಕೊಡಲಿಲ್ಲ’ ಎಂಬ ದೂರು ಕಂಡಿಲ್ಲ. ಆಡಿದವನೂ ಅಪರಾಧದಲ್ಲಿ ಪಾಲುದಾರನಾದ್ದರಿಂದ ಠಾಣೆ ಮೆಟ್ಟಿಲು ಹತ್ತುವವರು ಯಾರು, ಅದು ಒಂದು ಕಾರಣ. ಇನ್ನೊಂದು, ಚೀಟಿ ಬರೆಯುವವನು ಅದೇ ಊರಿನವನು. ಅವನ ಮನೆ ಗೊತ್ತು, ಅವನ ಮಾವನ ಮನೆಯೂ ಗೊತ್ತು. ಕೊಡದಿದ್ದರೆ ಮರುದಿನ ಅವನ ಹತ್ತಿರ ಚೀಟಿ ಬರೆಸುವವರು ಇರುವುದಿಲ್ಲ. ಹಾಗಾಗಿ ಮಟಕಾದ ಕಾಲದಲ್ಲಿ ಚಹದಂಗಡಿಯ ಚಿಂತೆ ‘ಇವತ್ತು ಯಾವ ನಂಬರ್ ಬರ್ತದ’ ಎಂಬುದಾಗಿತ್ತು. ಆಟ ಫೋನಿಗೆ ಬಂದ ಮೇಲೆ ಹುಡುಗರು ಮೊದಲು ಕೇಳುವುದು ಬೇರೆ: ‘ಅಣ್ಣಾ, ಇದು ರೊಕ್ಕ ಕೊಡ್ತದೇನು?’

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಒಂದು ಪದ್ಧತಿಯೇ ಬೆಳೆದು ನಿಂತಿದೆ. ಸಮುದ್ರದಾಚೆ ಎಲ್ಲೋ ಪರವಾನಗಿ ಪಡೆದ ಆನ್‌ಲೈನ್ ಕ್ಯಾಸಿನೊಗೆ ಮುನ್ನೂರೋ ಐನೂರೋ ಹಾಕುವುದು, ಸ್ವಲ್ಪ ಆಡುವುದು, ಗೆದ್ದದ್ದನ್ನು ವಿತ್‌ಡ್ರಾ ಕೊಟ್ಟು ನೋಡುವುದು. ಹಣ ಖಾತೆಗೆ ಬಂದರೆ ಆ್ಯಪ್ ‘ಅಸಲಿ’, ಬರದಿದ್ದರೆ ‘ಫೇಕ್’. ಇದನ್ನೇ ರೆಕಾರ್ಡ್ ಮಾಡಿ ಹಂಚಿದರೆ ‘ಲೈವ್ ವಿತ್‌ಡ್ರಾ ಪ್ರೂಫ್’. ಈ ಬರಹ ವಿಮರ್ಶಿಸಲು ಹೊರಟಿರುವುದು ಈ ಪರೀಕ್ಷೆಯನ್ನು. ಜೂಜು ಕೆಟ್ಟದ್ದು ಎಂದು ಹೇಳಲು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆಯೇ ಕೆಟ್ಟದ್ದು ಎಂದು ಹೇಳುವವರು ಕಡಿಮೆ.

ಇಂಥ ವಿಡಿಯೊಗಳಿಗೆಲ್ಲ ಒಂದೇ ಅಚ್ಚು. ಫೋನಿನ ಪರದೆ ಮಾತ್ರ ಕಾಣುತ್ತದೆ, ಮುಖ ಇಲ್ಲ. ಬ್ಯಾಲೆನ್ಸ್ ತೋರಿಸುತ್ತಾನೆ, ವಿಮಾನ ಹಾರುವ ಆಟ ತೆರೆಯುತ್ತಾನೆ, ವಿಮಾನ ಮೇಲೇರುತ್ತಿದ್ದಂತೆ ಸರಿಯಾದ ಹೊತ್ತಿಗೆ ಬೆರಳೊತ್ತುತ್ತಾನೆ. ಆಮೇಲೆ ವಿತ್‌ಡ್ರಾ. ಇಲ್ಲಿ ವಿಡಿಯೊ ಒಂದು ಕ್ಷಣ ಕತ್ತರಿಸಿ ಮುಂದಕ್ಕೆ ಜಿಗಿಯುತ್ತದೆ. ಮತ್ತೆ ತೆರೆದಾಗ ಬ್ಯಾಂಕಿನ ಮೆಸೇಜು ಪರದೆಯ ಮೇಲಿಂದ ಇಳಿಯುತ್ತದೆ. ‘ನೋಡ್ರಿ, ಬಂತು ನೋಡ್ರಿ.’ ಕೆಳಗೆ ಲಿಂಕು, ಜೊತೆಗೊಂದು ಪ್ರೋಮೊ ಕೋಡು. ಆ ಲಿಂಕಿನಿಂದ ಸೇರಿದವರು ಸೋತ ಹಣದಲ್ಲಿ ವಿಡಿಯೊ ಮಾಡಿದವನಿಗೆ ಪಾಲು ಕೊಡುವುದು ಈ ಧಂದೆಯ ಸಾಮಾನ್ಯ ಏರ್ಪಾಡು. ಪರೀಕ್ಷಕನ ಸಂಬಳ ಪರೀಕ್ಷೆಗೆ ಒಳಗಾದವನ ಕೈಯಲ್ಲಿದೆ. ಅಷ್ಟಕ್ಕೇ ವಿಷಯ ಮುಗಿದಂತೆ ಕಂಡೀತು. ಆದರೆ ಪ್ರಾಮಾಣಿಕವಾಗಿ, ತನ್ನದೇ ದುಡ್ಡು ಹಾಕಿ, ಯಾರ ಪಾಲೂ ಇಲ್ಲದೆ ಪರೀಕ್ಷೆ ಮಾಡುವವನೂ ಇದ್ದಾನೆಂದುಕೊಳ್ಳೋಣ. ಅವನ ಪರೀಕ್ಷೆಯೂ ನಿಲ್ಲುವುದಿಲ್ಲ.

ಕಲಬುರಗಿಯ ಎಪಿಎಂಸಿಯಲ್ಲಿ ತೊಗರಿ ಕೊಳ್ಳುವವನು ಚೀಲದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾನೆ. ಅದು ಒಳ್ಳೆಯ ಪರೀಕ್ಷೆ, ಏಕೆಂದರೆ ತನ್ನಿಂದ ಒಂದು ಹಿಡಿ ತೆಗೆದರೆಂದು ಚೀಲಕ್ಕೆ ಗೊತ್ತಾಗುವುದಿಲ್ಲ. ಮೇಲಿನ ಹಿಡಿ ನೋಡಿದ ಮೇಲೆ ಕೆಳಗಿನ ಕಾಳು ತಾನಾಗಿ ಕಲ್ಲಾಗುವುದಿಲ್ಲ. ಕ್ಯಾಸಿನೊಗೆ ಎಲ್ಲವೂ ಗೊತ್ತಾಗುತ್ತದೆ. ಯಾವ ಖಾತೆ ಹೊಸದು, ಎಷ್ಟು ಹಾಕಿದ, ಎಷ್ಟನೇ ಸಲ ಹಣ ಕೇಳುತ್ತಿದ್ದಾನೆ, ಎಲ್ಲ ಅದರ ಪರದೆಯ ಮೇಲಿದೆ. ಮೊದಲ ಐನೂರು ರೂಪಾಯಿ ಕೊಡುವುದು ಅದಕ್ಕೆ ಖರ್ಚೇ ಅಲ್ಲ, ಜಾಹೀರಾತು. ಐನೂರು ಬಂತು ಎಂಬುದರಿಂದ ಐವತ್ತು ಸಾವಿರ ಬರುತ್ತದೆ ಎಂದು ತಿಳಿಯುವ ಹಾಗಿಲ್ಲ. ಮೋಸ ಮಾಡಬೇಕೆಂದೇ ಕೂತವನು ಮೊದಲ ಸಲ ಕೊಟ್ಟೇ ಕೊಡುತ್ತಾನೆ.

ದೊಡ್ಡ ಮೊತ್ತ ಕೇಳಿದಾಗ ಏನಾಗುತ್ತದೆ? ಹಣ ಹಾಕುವಾಗ ಕೇಳದ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟು ಆಗ ಒಂದೊಂದಾಗಿ ಕೇಳಲಾಗುತ್ತದೆ. ಫೋಟೊ ಮಸುಕಾಗಿದೆ, ಮತ್ತೆ ಕಳಿಸಿ. ವಿಳಾಸ ಹೊಂದುತ್ತಿಲ್ಲ, ಮತ್ತೆ ಕಳಿಸಿ. ಈ ನಡುವೆ ವಿತ್‌ಡ್ರಾ ‘ಪೆಂಡಿಂಗ್’ ಎಂದು ಕೂತಿರುತ್ತದೆ, ಪಕ್ಕದಲ್ಲೇ ‘ರದ್ದು ಮಾಡಿ’ ಎಂಬ ಬಟನ್ ಮಿನುಗುತ್ತಿರುತ್ತದೆ. ಒತ್ತಿದರೆ ಅದೇ ಹಣ ತಟ್ಟನೆ ಆಟಕ್ಕೆ ವಾಪಸು. ರಾತ್ರಿ ಹನ್ನೊಂದಕ್ಕೆ ನಿದ್ದೆ ಬಾರದೆ ಫೋನ್ ಹಿಡಿದವನ ಬೆರಳು ಎಲ್ಲಿಗೆ ಹೋಗುತ್ತದೆಂದು ಅದನ್ನು ಅಲ್ಲಿಟ್ಟವರಿಗೆ ಗೊತ್ತು. ಬ್ರಿಟನ್ನಿನ ಜೂಜು ನಿಯಂತ್ರಣ ಆಯೋಗ 2021ರಲ್ಲಿ ಆನ್‌ಲೈನ್ ಕ್ಯಾಸಿನೊಗಳಲ್ಲಿ ಈ ಸೌಲಭ್ಯವನ್ನೇ ನಿಷೇಧಿಸಿತು. ನಮ್ಮ ಹುಡುಗರ ಫೋನಿಗೆ ಬರುವ ಕ್ಯಾಸಿನೊ ಆ ಆಯೋಗದ ಕಣ್ಣಿಗೆ ಬೀಳುವಂಥದ್ದಲ್ಲ.

ಬೋನಸ್ಸಿನ ಲೆಕ್ಕ ಇನ್ನೂ ಸೊಗಸು. ಸಾವಿರ ಹಾಕಿದರೆ ಸಾವಿರ ಬೋನಸ್, ಆದರೆ ಬೋನಸ್ಸಿನ 35 ಪಟ್ಟು ಆಡಿದ ಮೇಲೆ ಮಾತ್ರ ವಿತ್‌ಡ್ರಾ ಎಂಬಂಥ ಷರತ್ತು ಈ ವ್ಯವಹಾರದಲ್ಲಿ ಮಾಮೂಲು. ಅಂದರೆ 35,000 ರೂಪಾಯಿ ಪಣಕ್ಕಿಡಬೇಕು. ನೂರಕ್ಕೆ ಮೂರು ರೂಪಾಯಿ ಮನೆಗೆ ಉಳಿಯುವ ಆಟವೆಂದರೂ ಸರಾಸರಿ ನಷ್ಟ 1,050. ಕೊಟ್ಟ ಬೋನಸ್ಸು ಪೂರ್ತಿ ಹೋಗಿ ಕೈಯಿಂದಲೂ ಐವತ್ತು ಹೋಯಿತು. ಇಲ್ಲಿ ಮೋಸವೇ ಇಲ್ಲ, ಆ್ಯಪ್ ಪೂರಾ ಅಸಲಿ, ನಿಯಮದ ಪ್ರಕಾರವೇ ಎಲ್ಲ ನಡೆದಿದೆ. ‘ಕೊಡ್ತದೇನು’ ಎಂಬ ಪರೀಕ್ಷೆಯಲ್ಲಿ ಈ ಕ್ಯಾಸಿನೊ ಮೊದಲ ದರ್ಜೆಯಲ್ಲಿ ಪಾಸು.

ಹಾಗಾದರೆ ಮಟಕಾನೇ ವಾಸಿಯಿತ್ತೇ? ಕೆಲವು ಹಿರಿಯರು ಹಾಗೆ ಮಾತಾಡುವುದುಂಟು. ಲೆಕ್ಕ ಅದನ್ನು ಒಪ್ಪುವುದಿಲ್ಲ. ಮುಂಬೈಯಲ್ಲಿ ನ್ಯೂಯಾರ್ಕ್ ಹತ್ತಿ ಪೇಟೆಯ ದರದ ಮೇಲೆ ಕಟ್ಟುತ್ತಿದ್ದ ಅಂಕಡಾ ಜುಗಾರಿನಿಂದ ಹುಟ್ಟಿ, 1960ರ ದಶಕದಲ್ಲಿ ಕಲ್ಯಾಣ್ಜಿ ಭಗತ್, ರತನ್ ಖತ್ರಿ ಅವರ ಕೈಯಲ್ಲಿ ಬೆಳೆದ ಆಟ ಅದು. ಹತ್ತಿ ದರ ಹೋದರೂ ‘ಓಪನ್’, ‘ಕ್ಲೋಸ್’ ಎಂಬ ಪೇಟೆಯ ಮಾತು ಉಳಿದುಕೊಂಡಿತು, ನಮ್ಮಲ್ಲಿ ಅದು ‘ಓಸಿ’ ಆಯಿತು. ಜೋಡಿ ನಂಬರ್ ನೂರು. ನೂರಕ್ಕೂ ಒಂದೊಂದು ರೂಪಾಯಿ ಬಿದ್ದರೆ ಬಂದದ್ದು ನೂರು, ಕೊಟ್ಟದ್ದು 80, ಉಳಿದದ್ದು 20. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆ, ಅಲ್ಲಿ ನೂರಕ್ಕೆ ಉಳಿಯುವುದು 2.7 ಮಾತ್ರ. ದರ ನೋಡಿದರೆ ಮಟಕಾದವನೇ ದೊಡ್ಡ ದರೋಡೆಕೋರ.

ಆದರೆ ಮಟಕಾಕ್ಕೆ ಹೊತ್ತು ಇತ್ತು. ಓಪನ್ ಆಗಬೇಕು, ಕ್ಲೋಸ್ ಆಗಬೇಕು, ಅಲ್ಲಿಯವರೆಗೆ ಹೊಲದ ಕೆಲಸ ನಡೆಯುತ್ತಿತ್ತು. ದಿನಕ್ಕೆ ನೂರು ರೂಪಾಯಿ ಕಟ್ಟುವವನು ಸರಾಸರಿ ಇಪ್ಪತ್ತು ಕಳೆದುಕೊಳ್ಳುತ್ತಿದ್ದ. ವಿಮಾನದ ಆಟ ನಿಮಿಷಕ್ಕೆ ಎರಡು ಮೂರು ಸುತ್ತು ಮುಗಿಯುತ್ತದೆ. ಸುತ್ತಿಗೆ ಐವತ್ತರಂತೆ ಎರಡು ತಾಸು ಕೂತರೆ ಪಣಕ್ಕೆ ಹೋದದ್ದು ಹನ್ನೆರಡು ಸಾವಿರದ ಮೇಲೆ. ನೂರಕ್ಕೆ ಮೂರು ಎಂದರೂ ಮುನ್ನೂರ ಅರವತ್ತು ಗೋತಾ, ಅಂದರೆ ಒಂದು ದಿನದ ಕೂಲಿ. ಹಾಕಿದ್ದು ಐನೂರೇ ಇರಬಹುದು, ಅದೇ ಹಣ ತಿರುತಿರುಗಿ ಪಣಕ್ಕೆ ಹೋಗುತ್ತದೆ. ವಿತ್‌ಡ್ರಾ ಪರೀಕ್ಷೆಯಲ್ಲಿ ಈ ವೇಗಕ್ಕೆ ಅಂಕವೇ ಇಲ್ಲ. ಒಂದು ಸಲ ಬಂದ ಹಣವನ್ನು ಅದು ಎಣಿಸುತ್ತದೆ, ವರ್ಷವಿಡೀ ಹೋದದ್ದನ್ನು ಎಣಿಸುವುದಿಲ್ಲ. ಹನ್ನೆರಡು ತಿಂಗಳ ಬ್ಯಾಂಕ್ ಪಾಸ್‌ಬುಕ್ ತೆರೆದಿಟ್ಟು ‘ಪ್ರೂಫ್’ ತೋರಿಸಿದ ಒಂದು ವಿಡಿಯೊವನ್ನೂ ನಾನು ಕಂಡಿಲ್ಲ.

‘ಲೈಸೆನ್ಸ್ ಅದ ರೀ’ ಎನ್ನುವವರೂ ಇದ್ದಾರೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಕುರಸಾವೊ ಎಂದಿರುತ್ತದೆ. ಅದು ಕೆರಿಬಿಯನ್ ಸಮುದ್ರದ, ಡಚ್ ರಾಜಸತ್ತೆಗೆ ಸೇರಿದ ಪುಟ್ಟ ದ್ವೀಪ. ಅದರ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಬಹುಕಾಲ ಅಲ್ಲಿ ಕೆಲವೇ ಮೂಲ ಪರವಾನಗಿದಾರರು ಉಪಪರವಾನಗಿಗಳನ್ನು ಹಂಚುತ್ತಿದ್ದರು. 2024ರ ಡಿಸೆಂಬರ್‌ನಲ್ಲಷ್ಟೇ ಹೊಸ ಕಾನೂನು ಜಾರಿಗೆ ಬಂತು. ಅಫಜಲಪುರದಿಂದ ಅಲ್ಲಿಗೆ ದೂರು ಬರೆಯುವವನನ್ನು ನಾನು ಕಲ್ಪಿಸಿಕೊಳ್ಳಬಲ್ಲೆ, ಉತ್ತರವನ್ನು ಕಲ್ಪಿಸಿಕೊಳ್ಳಲಾರೆ.

ಅಷ್ಟಕ್ಕೂ ‘ವಿದೇಶಿ’ ಎಂಬುದೇ ಬಹಳ ಕಡೆ ಮುಖವಾಡ. ಮಹಾದೇವ್ ಬೆಟ್ಟಿಂಗ್ ಆ್ಯಪ್ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ (ಇ.ಡಿ.) ಹೇಳಿದ ಕಥೆ ನೋಡಿ: ನಡೆಸುವವರು ದುಬೈಯಲ್ಲಿ, ಆದರೆ ‘ಪ್ಯಾನೆಲ್’ಗಳು ಭಾರತದ ಊರೂರಲ್ಲಿ, ಲಾಭ 70-30ರಂತೆ ಹಂಚಿಕೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನೂ ಸೇರಿಸಿ 22 ಆ್ಯಪ್, ತಾಣಗಳನ್ನು ತಡೆಯಿತು. ನಮ್ಮ ರಾಜ್ಯದಲ್ಲೇ 2025ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಇ.ಡಿ. ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು. ಅಕ್ರಮ ಆನ್‌ಲೈನ್ ಬೆಟ್ಟಿಂಗ್ ತಾಣಗಳನ್ನು ನಡೆಸಿದ ಆರೋಪ ಅದು, ಆರೋಪವೆಂದೇ ಓದಬೇಕು. ಬಾಲ್ ಪೆನ್ನಿನ ಜಾಗಕ್ಕೆ ವಾಟ್ಸ್‌ಆ್ಯಪ್ ನಂಬರ್ ಬಂದಿದೆ. ಚೀಟಿ ಬರೆಯುವವನಿಗೂ ಮೇಲಿನ ಬುಕ್ಕಿಗೂ ಇದ್ದ ಕಮಿಷನ್ ಸಂಬಂಧವೇ ಈಗ ಪ್ಯಾನೆಲ್ಲಿನ ಹೆಸರಲ್ಲಿದೆ. ಹೋದದ್ದೇನೆಂದರೆ ಊರಿನವನ ಮುಖ.

ಕಾನೂನಿನ ಕಡೆಯಿಂದಲೂ ಗೆದ್ದವನಿಗೆ ಆಸರೆ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಪಣದ ಕರಾರು ಅಸಿಂಧು, ಗೆದ್ದ ಹಣ ಕೊಡಿಸಿ ಎಂದು ದಾವೆ ಹೂಡಲು ಬರುವುದಿಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲಿ ಹಣದ ಆನ್‌ಲೈನ್ ಆಟ ಒದಗಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡುವವನಿಗೆ ಎರಡು ವರ್ಷ, 50 ಲಕ್ಷ. ‘ನೋಡ್ರಿ, ಬಂತು’ ಎನ್ನುವ ವಿಡಿಯೊದವರು ಈ ಎರಡನೆಯ ಸಾಲನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು. ಆಡುವವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಆದರೆ ದೇಶದ ಕಂಪನಿಗಳು ಹಣದ ಆಟ ನಿಲ್ಲಿಸಿದ ಮೇಲೆ ಉಳಿದ ಬಾಗಿಲು ಹೊರಗಿನವರದ್ದೇ ಆಗಿರುವುದು ನನಗೆ ಸಮಾಧಾನದ ಸಂಗತಿಯಾಗಿ ಕಾಣುವುದಿಲ್ಲ. ಒಂದು ತಾಣ ತಡೆದರೆ ಹೆಸರಿನ ಕೊನೆಗೊಂದು ಅಂಕಿ ಸೇರಿಸಿ ಇನ್ನೊಂದು ಏಳುತ್ತದೆ.

ಇನ್ನು ಪರೀಕ್ಷೆಯಲ್ಲಿ ಪಾಸಾದವನ ಪಾಡು. ಆ ಐನೂರು, ಆ ಐದು ಸಾವಿರ ಎಲ್ಲಿಂದ ಬಂತು? ಮೆಸೇಜಿನಲ್ಲಿ ಕ್ಯಾಸಿನೊದ ಹೆಸರು ಇರುವುದಿಲ್ಲ, ಯಾರೋ ಒಬ್ಬ ವ್ಯಕ್ತಿಯದ್ದೋ ಕೇಳರಿಯದ ಅಂಗಡಿಯದ್ದೋ ಹೆಸರಿರುತ್ತದೆ. ಅದು ಬಾಡಿಗೆ ಖಾತೆ. ಅದೇ ಖಾತೆಗೆ ಇನ್ನೊಂದು ರಾಜ್ಯದಲ್ಲಿ ಮೋಸಹೋದವನೊಬ್ಬ ಹಣ ಹಾಕಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದರೆ ಪೊಲೀಸರು ಹಣ ಹರಿದ ದಾರಿ ಹಿಡಿದು ಹೋಗುತ್ತಾರೆ. ದಾರಿಯಲ್ಲಿ ಸಿಕ್ಕ ಖಾತೆಗಳಿಗೆಲ್ಲ ತಡೆ. ಹಾಗೆ ತಡೆಬಿದ್ದ ಆಳಂದದ ಒಂದು ಖಾತೆಗೇ ಪಿಎಂ ಕಿಸಾನ್ ಕಂತು ಬರುತ್ತಿರಬಹುದು, ತೊಗರಿಯ ಬೆಳೆ ವಿಮೆ ಬರಬೇಕಿರಬಹುದು. ಹೆಂಡತಿಯ ಖಾತೆಯ ನಂಬರ್ ಕೊಟ್ಟಿದ್ದರೆ ಗೃಹಲಕ್ಷ್ಮಿಯ ಎರಡು ಸಾವಿರವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ಕೇಳಿದರೆ ಸಿಗುವ ಉತ್ತರ, ‘ತಡೆ ನಾವು ಹಾಕಿದ್ದಲ್ಲ, ಆ ಸೈಬರ್ ಠಾಣೆಗೇ ಬರೀರಿ.’ ಆ ಠಾಣೆಯವರು ಕೇಳುವುದು ಹಣ ಯಾರು ಕಳಿಸಿದರು, ಯಾವ ವ್ಯವಹಾರಕ್ಕೆ ಕಳಿಸಿದರು ಎಂದು. ಕಳಿಸಿದವನ ಮುಖ ಇವನು ನೋಡಿಲ್ಲ, ವ್ಯವಹಾರ ಏನೆಂದು ಹೇಳಿಕೊಳ್ಳುವ ಹಾಗಿಲ್ಲ, ತೊಗರಿ ಬಿತ್ತನೆಗೆ ಬೀಜ ತರಲು ಕಾರ್ಡ್ ಹಾಕಿದರೆ ಯಂತ್ರ ಹಣ ಕೊಡುತ್ತಿಲ್ಲ.