ದೇಶದ ಆಯ್ಕೆಯೋ, ಪಾಸ್‌ಪೋರ್ಟಿನ ಆಯ್ಕೆಯೋ? ‘ಮಾತೃಭಾಷಿಕ’ ಪರಿಕಲ್ಪನೆಯ ಮರುವಿಮರ್ಶೆ

ಹೊರದೇಶದಲ್ಲಿ ಇಂಗ್ಲಿಷ್ ಕಲಿಸಬಯಸುವವರ ಮುಂದಿರುವ ಮೊದಲ ಪ್ರಶ್ನೆ ‘ಯಾವ ದೇಶ?’ ಎಂಬುದೆಂದು ನಂಬಲಾಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಿ.ಇಡಿ. ಪದವೀಧರರ ನೆಲೆಯಿಂದ ನೋಡಿದರೆ ಆಯ್ಕೆ ಮಾಡುವವರು ಅವರಲ್ಲ, ದೇಶಗಳು. ದಕ್ಷಿಣ ಕೊರಿಯಾದ ಇ-2 ವೀಸಾ ಇಂಗ್ಲಿಷ್ ಬೋಧನೆಯನ್ನು ಮುಖ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲಿಡುತ್ತದೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದವು ಭಾರತೀಯರಿಗೆ ತೆರೆದದ್ದು ಸಹಾಯಕ ಬೋಧಕರ ಬಾಗಿಲನ್ನು. ಆ ಏಳರಲ್ಲಿ ದಕ್ಷಿಣ ಆಫ್ರಿಕಾವೂ ಇದೆ. ಅಲ್ಲಿ ಇಂಗ್ಲಿಷ್ ಮನೆಮಾತಾಗಿರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಆದ್ದರಿಂದ ಇಲ್ಲಿ ‘ಮಾತೃಭಾಷಿಕ’ ಎಂಬುದು ಭಾಷಾಸಾಮರ್ಥ್ಯದ ಅಳತೆಗಿಂತ ಹೆಚ್ಚಾಗಿ ಪೌರತ್ವದ ಹೆಸರು.

ಬ್ರಜ್ ಕಾಚ್ರು 1985ರಲ್ಲಿ ಮಂಡಿಸಿದ ಮೂರು ವೃತ್ತಗಳ ಮಾದರಿ ಭಾರತೀಯ ಇಂಗ್ಲಿಷಿಗೆ ಮಾನ್ಯತೆ ತಂದಿತು, ನಿಜ. ಆದರೆ ಅದೂ ಭಾಷಿಕರನ್ನು ದೇಶವಾರು ವಿಂಗಡಿಸುವುದರಿಂದ ವೀಸಾದ ತರ್ಕವನ್ನು ಎದುರಿಸಲು ಸಾಲದು. ರಾಬರ್ಟ್ ಫಿಲಿಪ್ಸನ್ 1992ರಲ್ಲಿ ವಾದಿಸಿದಂತೆ, ಭಾಷೆಯನ್ನು ಶ್ರಮಪಟ್ಟು ಕಲಿತವರು ಕಲಿಯುವವರ ತೊಡಕುಗಳನ್ನು ಬಲ್ಲರು. ಕನ್ನಡ, ಕೊರಿಯನ್ ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಎರಡರಲ್ಲೂ ಆರ್ಟಿಕಲ್‌ಗಳಿಲ್ಲ. ಹೊಳಲ್ಕೆರೆಯಲ್ಲಿ ‘ಎ’, ‘ದ’ಗಳೊಡನೆ ಹೆಣಗಿ ಕಲಿತ ಶಿಕ್ಷಕಿ ಸಿಯೋಲ್‌ನ ವಿದ್ಯಾರ್ಥಿ ಎಲ್ಲಿ ಎಡವುವನೆಂದು ಮೊದಲೇ ಊಹಿಸಬಲ್ಲಳು. ಬೋಧಕರ ಆಯ್ಕೆಗೆ ಭಾಷಾವಿಜ್ಞಾನ ಕೊಡಬಹುದಾದ ಮಾನದಂಡ ಈ ಅರಿವೇ ಹೊರತು ಜನ್ಮಭೂಮಿಯಲ್ಲ ಎಂಬುದು ನಮ್ಮ ವಾದ.