ಕುಡೀತಾರೆ ಅಂತ ಬರೀಬೇಡಿ ಡಾಕ್ಟ್ರೇ

ಕುಡಿದು ಕುಡಿದು ಆರೋಗ್ಯ ಕೆಡಿಸಿಕೊಂಡವನ ಆಸ್ಪತ್ರೆ ಬಿಲ್ಲಿಗೆ ನನ್ನ ಪ್ರೀಮಿಯಂ ದುಡ್ಡು ಯಾಕೆ ಹೋಗಬೇಕು? ಹೀಗೆ ಕೇಳುವವರು ಕೆಟ್ಟವರೇನಲ್ಲ. ವರ್ಷಕ್ಕೊಮ್ಮೆ ಹೇಗೋ ದುಡ್ಡು ಹೊಂದಿಸಿ ಪಾಲಿಸಿ ನವೀಕರಿಸುವ, ತಾವು ಒಂದು ಹನಿಯನ್ನೂ ಮುಟ್ಟದ, ಲೆಕ್ಕಾಚಾರದ ಸಂಸಾರಸ್ಥರು. ಕುಡಿತದ ಅಭ್ಯಾಸವನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದ ವ್ಯಕ್ತಿಯ ಆಸ್ಪತ್ರೆ ಖರ್ಚನ್ನು ಎಲ್‌ಐಸಿ ಕೊಡಬೇಕಾಗಿಲ್ಲ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಸರಿಯಾಗಿಯೇ ಆಯಿತು ಎಂದು ತಲೆದೂಗಿದವರೂ ಇವರೇ.

ಇದರ ಪಕ್ಕದಲ್ಲೇ ಇನ್ನೊಂದು ನಂಬಿಕೆಯೂ ಬೇರೂರಿದೆ. ಮಾನಸಿಕ ಕಾಯಿಲೆಗೆ ವಿಮೆ ಈಗಾಗಲೇ ಬಂದಾಗಿದೆ, ಕಾನೂನು ಆಗಿದೆ, ಇನ್ನೇನು ಬೇಕು ಎನ್ನುವುದು. ಈ ಎರಡು ಮಾತುಗಳೂ ತಪ್ಪು, ಮತ್ತು ಒಂದರ ತಪ್ಪನ್ನು ಇನ್ನೊಂದು ಮರೆಸುತ್ತಿದೆ ಎಂಬುದು ನನ್ನ ವಾದ.

ಮೊದಲು ಕಾನೂನನ್ನೇ ನೋಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಸಿಗುತ್ತದೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಪ್ರತಿಯೊಬ್ಬ ವಿಮಾದಾರನೂ ವಿಮೆ ಒದಗಿಸಬೇಕು ಎನ್ನುತ್ತದೆ ಅದರ 21ನೇ ಸೆಕ್ಷನ್ನಿನ ನಾಲ್ಕನೆಯ ಉಪವಿಧಿ. ಆ ಆಗಸ್ಟ್‌ನಲ್ಲೇ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಕಂಪನಿಗಳು ಅಲುಗಾಡಲಿಲ್ಲ. ಸ್ಕಿಜೋಅಫೆಕ್ಟಿವ್ ಕಾಯಿಲೆಗೆ ಆಸ್ಪತ್ರೆ ಸೇರಿದ್ದ ಮಹಿಳೆಯೊಬ್ಬರ ಕ್ಲೇಮನ್ನು ಸರ್ಕಾರಿ ವಿಮಾ ಕಂಪನಿಯೇ ತಿರಸ್ಕರಿಸಿತು. ಅವರು ದೆಹಲಿ ಹೈಕೋರ್ಟಿನ ತನಕ ಹೋಗಬೇಕಾಯಿತು. ಕಾಯ್ದೆ ಜಾರಿಯಾದ ದಿನದಿಂದಲೇ ಎಲ್ಲ ಕಂಪನಿಗಳೂ ಇದಕ್ಕೆ ಬದ್ಧ ಎಂದು 2021ರಲ್ಲಿ ಕೋರ್ಟ್ ಹೇಳಿತು. ಅದೇ ಕೋರ್ಟಿನ ಮುಂದೆ ಬಂದ ಇನ್ನೊಂದು ಪ್ರಕರಣದ ಪಾಲಿಸಿ 35 ಲಕ್ಷ ರೂಪಾಯಿಯದು. ಮಾನಸಿಕ ಕಾಯಿಲೆಗೆ ಅದರಲ್ಲಿ ಇಟ್ಟಿದ್ದ ಮಿತಿ 50 ಸಾವಿರ. ಕೊನೆಗೆ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಕಾಯ್ದೆಗೆ ಒಪ್ಪುವಂತಿರಬೇಕು ಎಂದು ಐಆರ್‌ಡಿಎಐ ಗಡುವು ಹಾಕಿತು. ಸಂಸತ್ತು ಹೇಳಿದ ಮಾತನ್ನು ಕಂಪನಿಗಳ ಕಿವಿಗೆ ಮುಟ್ಟಿಸಲು ನಾಲ್ಕು ವರ್ಷ ಬೇಕಾಯಿತು.

ಗಡುವಿನ ನಂತರ ಎಲ್ಲ ಸರಿಹೋಯಿತೆ? ಮನೆಯಲ್ಲಿರುವ ಆರೋಗ್ಯ ವಿಮೆಯ ಪಾಲಿಸಿ ಪುಸ್ತಕ ತೆಗೆದು, ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿಯನ್ನು ಓದಿ. ಕಂಪನಿ ಯಾವುದೇ ಆಗಿರಲಿ, 12ನೇ ಸಂಕೇತದ ಎದುರು ಒಂದೇ ಒಕ್ಕಣೆ ಕಾಣುತ್ತದೆ: ಮದ್ಯದ ಚಟ, ಮಾದಕ ವಸ್ತುಗಳ ಚಟ ಅಥವಾ ಯಾವುದೇ ವ್ಯಸನದ ಚಿಕಿತ್ಸೆ ಮತ್ತು ಅದರ ಪರಿಣಾಮಗಳು. ಎಲ್ಲರಲ್ಲೂ ಒಂದೇ ಮಾತಿರುವುದು ಆಕಸ್ಮಿಕವಲ್ಲ. 2019ರಲ್ಲಿ ಇಂಥ ವಾಕ್ಯಗಳನ್ನು ಪ್ರಮಾಣೀಕರಿಸಿಕೊಟ್ಟದ್ದು ಪ್ರಾಧಿಕಾರವೇ. ಈಗ ಕಾಯ್ದೆಯ ಎರಡನೇ ಸೆಕ್ಷನ್‌ಗೆ ಹೋಗಿ. ಮಾನಸಿಕ ಕಾಯಿಲೆ ಎಂದರೇನು ಎಂದು ವ್ಯಾಖ್ಯಾನಿಸುವ ಕಡೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಪಟ್ಟ ಮಾನಸಿಕ ಸ್ಥಿತಿಗಳೂ ಅದರಲ್ಲಿ ಸೇರಿವೆ ಎಂದು ಬಿಡಿಸಿ ಬರೆದಿದೆ. ಸಂಸತ್ತು ಒಳಗೆ ಸೇರಿಸಿದ ರೋಗಿಯನ್ನು ನಿಯಂತ್ರಕ ಸಂಸ್ಥೆ ಹೊರಗಿಟ್ಟಿದೆ. ಕುಡುಕನ ಬಗ್ಗೆ ನಮಗಿರುವ ಸಿಟ್ಟು ಎಷ್ಟು ಸಹಜವಾಗಿ ಒಗ್ಗಿಹೋಗಿದೆಯೆಂದರೆ, ಈ ವಿರೋಧಾಭಾಸ ಯಾರ ಕಣ್ಣಿಗೂ ಹೊಡೆಯುತ್ತಿಲ್ಲ.

ಆ ಒಕ್ಕಣೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೊನೆಯ ತುಣುಕು, 'ಅದರ ಪರಿಣಾಮಗಳು' ಎಂಬುದು. ಲಿವರ್, ಪ್ಯಾಂಕ್ರಿಯಾಸ್, ಹೊಟ್ಟೆಯ ರಕ್ತಸ್ರಾವ, ಫಿಟ್ಸ್, ಬಿದ್ದು ಮುರಿದ ಮೂಳೆ, ಎಲ್ಲವನ್ನೂ ಇದರೊಳಗೆ ಎಳೆದು ತರಬಹುದು. ಕೇಸ್ ಶೀಟಿನಲ್ಲಿ ಕುಡಿತದ ಪ್ರಸ್ತಾಪ ಒಂದು ಸಾಲು ಬಂದರೆ ಸಾಕು, ಕಂಪನಿಗಳ ಪರವಾಗಿ ಕ್ಲೇಮು ಪರಿಶೀಲಿಸುವ ಟಿಪಿಎಯಿಂದ ಪ್ರಶ್ನೆಗಳು ಶುರುವಾಗುತ್ತವೆ. ಇದು ಆಸ್ಪತ್ರೆ ಕಾರಿಡಾರುಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದರ ಫಲ ಏನಾಗುತ್ತದೆ ಎಂಬುದನ್ನು ಮಧ್ಯ ಕರ್ನಾಟಕದ ಒಂದು ಊರಿನ ಖಾಸಗಿ ಆಸ್ಪತ್ರೆಯಲ್ಲಿ ಹತ್ತಿರದಿಂದ ಕಂಡಿದ್ದೇನೆ. ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡವರೊಬ್ಬರನ್ನು ನಮ್ಮ ಪಕ್ಕದ ಬೆಡ್ಡಿಗೆ ತಂದಿದ್ದರು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಪೆನ್ನು ಹಿಡಿದು ಒಂದೊಂದೇ ಕೇಳುತ್ತಿದ್ದಳು. ಶುಗರ್ ಇದೆಯಾ, ಬಿಪಿ ಇದೆಯಾ, ಕುಡೀತಾರಾ. ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಜೊತೆಗಿದ್ದ ಮೈದುನ ಅಡ್ಡ ಬಂದ. "ಇಲ್ಲ ಮೇಡಂ, ಹಬ್ಬ ಹರಿದಿನಕ್ಕೆ ಯಾವಾಗ್ಲೋ ಒಂದಿಷ್ಟು." ಮೈದುನ ಔಷಧಿ ತರಲು ಹೋದ ಮೇಲೆ ಆಕೆ ಡಾಕ್ಟರ ಹಿಂದೆಯೇ ಹೋಗಿ ದನಿ ತಗ್ಗಿಸಿ ಹೇಳಿದಳು: "ದಿನಾ ಕುಡೀತಾರೆ ಡಾಕ್ಟ್ರೇ. ಆದ್ರೆ ಕುಡೀತಾರೆ ಅಂತ ಬರೀಬೇಡಿ, ಇನ್ಶೂರೆನ್ಸ್‌ನೋರು ದುಡ್ಡು ಕೊಡಲ್ಲ." ಡಾಕ್ಟರು ಒಂದು ಗಳಿಗೆ ಸುಮ್ಮನೆ ನಿಂತಳು. ಬರೆದಳೋ ಬಿಟ್ಟಳೋ ನನಗೆ ಕಾಣಲಿಲ್ಲ.

ಆ ಹೆಂಡತಿ ಕಡೆಗೂ ಸತ್ಯ ಹೇಳಿದಳು. ಹೇಳದವರೂ ಇದ್ದಾರೆ. ದಿನಾ ಕುಡಿಯುವವನಿಗೆ ಮದ್ಯ ತಟ್ಟನೆ ನಿಂತರೆ ಮೊದಲ ದಿನ ಕೈ ನಡುಕ, ಬೆವರು. ಆಮೇಲೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಇಲ್ಲದ್ದು ಕಾಣುತ್ತದೆ, ಡ್ರಿಪ್ ಕಿತ್ತೆಸೆದು ಏಳುತ್ತಾರೆ. ಡಿಲಿರಿಯಮ್ ಟ್ರೆಮೆನ್ಸ್ ಎನ್ನುವ ಈ ಸ್ಥಿತಿಗೆ ಸಕಾಲದಲ್ಲಿ ಔಷಧಿ ಸಿಗದಿದ್ದರೆ ಜೀವವೇ ಹೋಗಬಹುದು. ಮುಂಚೆಯೇ ಗೊತ್ತಿದ್ದರೆ ತಡೆಯುವುದು ಕಷ್ಟವಲ್ಲ. ಇಂಥವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ ಕೊಡಬೇಕು, ಇಲ್ಲವಾದರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಅಪಾಯವಿದೆ ಎಂಬುದು ಪ್ರತಿ ವೈದ್ಯ ವಿದ್ಯಾರ್ಥಿಯೂ ಕಲಿಯುವ ಪಾಠ. ಥಯಮಿನ್ ಎಂದರೆ ಬಿ1 ವಿಟಮಿನ್, ಅತಿ ಅಗ್ಗದ ಇಂಜೆಕ್ಷನ್. ಆದರೆ ಅದನ್ನು ಕೊಡಬೇಕೆಂದು ಹೊಳೆಯಲು ರೋಗಿ ಕುಡಿಯುತ್ತಾನೆ ಎಂಬುದು ತಿಳಿದಿರಬೇಕು. ವಿಮೆಯ ಒಂದು ಸಾಲು ರೋಗಿಯ ಮನೆಯವರಿಂದ ವೈದ್ಯರಿಗೆ ಸುಳ್ಳು ಹೇಳಿಸುತ್ತದೆ. ಆಸ್ಪತ್ರೆಯಲ್ಲಿ ಹೇಳುವ ಇಂಥ ಸುಳ್ಳು ಕೊಲ್ಲಬಲ್ಲದು. ಸುಪ್ರೀಂ ಕೋರ್ಟಿನ ತೀರ್ಪು ಮುಚ್ಚಿಟ್ಟದ್ದಕ್ಕೆ ಸಂಬಂಧಿಸಿದ್ದು. ಒಪ್ಪಂದದ ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ನಿಜ ಹೇಳಿದವನಿಗೆ ಏನೂ ಸಿಗದಂಥ ವ್ಯವಸ್ಥೆ ಕಟ್ಟಿ, ಮುಚ್ಚಿಟ್ಟವನನ್ನು ಮಾತ್ರ ದೂರುವುದು ನ್ಯಾಯವಲ್ಲ.

ತಾನಾಗಿ ತಂದುಕೊಂಡದ್ದು ಎಂಬ ಮಾತಿಗೆ ಬರುತ್ತೇನೆ. ಮೂವತ್ತು ವರ್ಷ ಬೀಡಿ ಸೇದಿದವನ ಬೈಪಾಸ್ ಆಪರೇಷನ್‌ಗೆ ವಿಮೆ ಹಣ ಕೊಡುತ್ತದೆ. ಹೆಲ್ಮೆಟ್ ಹಾಕದೆ ಬಿದ್ದವನ ತಲೆಗೆ, ಸಿಹಿ ಬಿಡಲಾಗದವನ ಸಕ್ಕರೆ ಕಾಯಿಲೆಗೆ ಕೊಡುತ್ತದೆ. ಕೊಡಲೂ ಬೇಕು. ಕಾಯಿಲೆಗೆ ಯಾರ ನಡತೆ ಕಾರಣ ಎಂದು ಅಳೆದು ಹಣ ಕೊಡುವುದಾದರೆ ವಿಮೆಯೆಂಬುದೇ ಇರುವುದಿಲ್ಲ. ನಡತೆಯ ಈ ಲೆಕ್ಕವನ್ನು ನಾವು ವ್ಯಸನಿಯ ಮೇಲೆ ಮಾತ್ರ ಹೇರಿದ್ದೇವೆ. ಮನಸ್ಸು ಮಾಡಿದರೆ ಬಿಡಬಹುದು ಎಂಬ ನಂಬಿಕೆ ಇದರ ಹಿಂದಿದೆ. ನಮ್ಮ ಹಳ್ಳಿಗಳ ಮದ್ಯವರ್ಜನ ಶಿಬಿರಗಳಲ್ಲಿ ಪ್ರತಿಜ್ಞೆ ಮಾಡಿ ನಿಜವಾಗಿಯೂ ಬಿಟ್ಟವರಿದ್ದಾರೆ, ಅವರ ಮನೆಗಳಲ್ಲಿ ಮತ್ತೆ ದೀಪ ಹತ್ತಿದೆ, ಆ ಕೆಲಸವನ್ನು ನಾನು ಗೌರವಿಸುತ್ತೇನೆ. ಆದರೆ ಪ್ರತಿಜ್ಞೆ ಮಾಡಿಯೂ ಬಿಡಲಾಗದವರು ಮನಸ್ಸಿಲ್ಲದವರಲ್ಲ. ವರ್ಷಗಟ್ಟಲೆ ಮದ್ಯ ಇಳಿದ ಮೆದುಳು ಅದಿಲ್ಲದೆ ನಡೆಯುವುದನ್ನೇ ಮರೆತಿರುತ್ತದೆ. ಅವರಿಗೆ ನಾಲ್ಟ್ರೆಕ್ಸೋನ್, ಬ್ಯಾಕ್ಲೋಫೆನ್‌ನಂಥ ಮಾತ್ರೆಗಳಿವೆ, ತಿಂಗಳುಗಟ್ಟಲೆ ಕೌನ್ಸೆಲಿಂಗ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಹೀಗಿದ್ದೂ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಸಿಕ್ಕಿದ್ದು 38 ಜನಕ್ಕೆ ಒಬ್ಬರಿಗೆ. ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಕರ್ನಾಟಕದವರಾದ ನಮಗೆ ಈ ವಿಷಯದಲ್ಲಿ ನೈತಿಕ ಸಿಟ್ಟು ಅಷ್ಟಾಗಿ ಒಪ್ಪುವುದಿಲ್ಲ. ಇಲ್ಲಿ ಮದ್ಯದ ಸಗಟು ವ್ಯಾಪಾರ ನಡೆಯುವುದು ಸರ್ಕಾರದ್ದೇ ಆದ ಪಾನೀಯ ನಿಗಮದ ಮೂಲಕ. 2025-26ರ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ್ದು 40 ಸಾವಿರ ಕೋಟಿ ರೂಪಾಯಿ. ರಸ್ತೆ, ಪಿಂಚಣಿ, ಗ್ಯಾರಂಟಿ ಎಲ್ಲದರಲ್ಲೂ ಕುಡಿಯುವವನ ದುಡ್ಡಿದೆ. ಅವನ ಖರ್ಚು ನನಗೆ ಬೇಡ ಎನ್ನುವವರು ಅವನ ಹಣವನ್ನು ದಿನವೂ ಬಳಸುತ್ತಿದ್ದಾರೆ.

ಇನ್ನು, ವ್ಯಸನವನ್ನು ಬಿಟ್ಟು ಉಳಿದ ಮಾನಸಿಕ ಕಾಯಿಲೆಗಳಿಗಾದರೂ ಸಮಾನತೆ ಬಂದಿದೆಯೇ? ಕಂಪನಿಗಳು ಬಂದಿದೆ ಎನ್ನುತ್ತವೆ, ಮತ್ತು ಕಾಗದದ ಮೇಲೆ ಅದು ಸುಳ್ಳಲ್ಲ. ಸಾಮಾನ್ಯ ಪಾಲಿಸಿ ಹಣ ಕೊಡುವುದು 24 ಗಂಟೆ ಅಡ್ಮಿಟ್ ಆದರೆ. ಮಧುಮೇಹಕ್ಕೂ ಅದೇ ನಿಯಮ, ಖಿನ್ನತೆಗೂ ಅದೇ. ಆದರೆ ಈ ನಿಯಮ ಹುಟ್ಟಿದ್ದು ಆಪರೇಷನ್, ಅಪಘಾತಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮಾನಸಿಕ ಕಾಯಿಲೆಯ ಖರ್ಚು ಹಾಗೆ ಒಂದೇ ಸಲ ಬೀಳುವುದಿಲ್ಲ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವ ಯುವಕನೊಬ್ಬನನ್ನು ಊಹಿಸಿ. ತಪ್ಪದೆ ಮಾತ್ರೆ, ಕೆಲವು ತಿಂಗಳಿಗೊಮ್ಮೆ ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂಬ ಪರೀಕ್ಷೆ, ಜೊತೆಗೆ ಥೈರಾಯ್ಡ್ ಮತ್ತು ಕಿಡ್ನಿ ಪರೀಕ್ಷೆ, ಡಾಕ್ಟರ ಫೀಸು, ರಾಯಚೂರಿನಿಂದಲೋ ಬೀದರ್‌ನಿಂದಲೋ ಬೆಂಗಳೂರಿಗೆ ರಾತ್ರಿ ಬಸ್ಸು, ಜೊತೆಗೆ ಬರುವ ಅಪ್ಪನ ಕೂಲಿ ನಷ್ಟ. ಇದರಲ್ಲಿ ಒಂದು ರೂಪಾಯಿಯೂ ಸಾಮಾನ್ಯ ಪಾಲಿಸಿಯಿಂದ ಬರುವುದಿಲ್ಲ. ಖರ್ಚು ತಾಳದೆ ಮಾತ್ರೆ ಬಿಟ್ಟು, ಕಾಯಿಲೆ ಕೆರಳಿ, ಅವನನ್ನು ಹಿಡಿದು ತಂದು ವಾರ್ಡಿಗೆ ಸೇರಿಸಿದ ದಿನ ಪಾಲಿಸಿ ಎಚ್ಚರಗೊಳ್ಳುತ್ತದೆ. ಕಾಯಿಲೆ ಹತೋಟಿಯಲ್ಲಿರುವಷ್ಟು ದಿನ ಕೈಕಟ್ಟಿ ಕುಳಿತು ಹತೋಟಿ ತಪ್ಪಿದ ಮೇಲೆ ಹಣ ಕೊಡುವ ಈ ಲೆಕ್ಕ ಕಂಪನಿಗೂ ಲಾಭದ್ದಲ್ಲ.

24 ಗಂಟೆಯ ನಿಯಮ ಶಿಲಾಶಾಸನವೂ ಅಲ್ಲ. ಕಣ್ಣಿನ ಪೊರೆಯ ಆಪರೇಷನ್, ಡಯಾಲಿಸಿಸ್, ಕೀಮೋಥೆರಪಿಗೆ ಈಗ ರಾತ್ರಿ ಉಳಿಯಬೇಕಾಗಿಲ್ಲ, ಡೇ ಕೇರ್ ಎಂದು ಹಣ ಸಿಗುತ್ತದೆ. ಚಿಕಿತ್ಸೆಯ ರೀತಿ ಬದಲಾದಾಗ ವಿಮೆಯೂ ಬದಲಾಯಿತು. ಮಾನಸಿಕ ಚಿಕಿತ್ಸೆ ಹೊರರೋಗಿ ವಿಭಾಗಕ್ಕೆ ಬಂದದ್ದಂತೂ ನಿನ್ನೆ ಮೊನ್ನೆಯಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಔಷಧಿಗಳಿಂದ ಊರಿನಲ್ಲೇ ಚಿಕಿತ್ಸೆ ನಡೆಸಬಹುದು ಎಂದು ತೋರಿಸಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಮ್ಮದೇ ನೆಲದಲ್ಲಿ ಸಾಬೀತಾದದ್ದನ್ನು ವಿಮಾ ಕಂಪನಿಗಳು ಇನ್ನೂ ಒಪ್ಪದೆ, ಬೆಡ್ ಹಿಡಿದರೆ ಮಾತ್ರ ಕಾಯಿಲೆ ಎನ್ನುತ್ತಿವೆ. ಅದೇ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ನೂರಕ್ಕೆ 70ರಿಂದ 92. ಇದಕ್ಕೆ ನಾಚಿಕೆ, ಅಜ್ಞಾನ, ವೈದ್ಯರ ಕೊರತೆ ಎಲ್ಲವೂ ಕಾರಣ. ದುಡ್ಡೂ ಕಾರಣ, ಮತ್ತು ಇವುಗಳಲ್ಲಿ ಒಂದು ಸುತ್ತೋಲೆಯಿಂದ ಸರಿಪಡಿಸಬಹುದಾದದ್ದು ಅದೊಂದೇ.

ಪ್ರೀಮಿಯಂ ಗಗನಕ್ಕೇರುತ್ತದೆ ಎನ್ನುವವರಿಗೆ ಅಮೆರಿಕದ ಅನುಭವ ಉತ್ತರ ಕೊಡುತ್ತದೆ. ಅಲ್ಲಿನ ಕೇಂದ್ರ ಸರ್ಕಾರಿ ನೌಕರರ ವಿಮೆಯಲ್ಲಿ 2001ರಿಂದ ಮಾನಸಿಕ ಕಾಯಿಲೆಗೂ ವ್ಯಸನಕ್ಕೂ ಸಮಾನ ರಕ್ಷಣೆ ಬಂತು. ನಿರ್ವಹಣೆ ಸರಿಯಾಗಿದ್ದರೆ ಇದರಿಂದ ಒಟ್ಟು ವೆಚ್ಚ ಹೇಳಿಕೊಳ್ಳುವಷ್ಟು ಏರುವುದಿಲ್ಲ ಎಂದು 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಅಧ್ಯಯನ ತೋರಿಸಿತು. 2008ರಲ್ಲಿ ಆ ದೇಶ ಮಾಡಿದ ಸಮಾನತೆಯ ಕಾಯ್ದೆ ವ್ಯಸನವನ್ನು ತನ್ನ ಹೆಸರಿನಲ್ಲೇ ಸೇರಿಸಿಕೊಂಡಿತು. ಅಲ್ಲಿಯೂ ಕಂಪನಿಗಳು ನುಣುಚಿಕೊಳ್ಳುವ ದಾರಿ ಹುಡುಕುತ್ತಲೇ ಇವೆ, ನಿಜ. ಆದರೆ ವ್ಯಸನ ಕಾಯಿಲೆಯೇ ಅಲ್ಲ ಎಂದು ಪಾಲಿಸಿಯಲ್ಲಿ ರಾಜಾರೋಷವಾಗಿ ಬರೆಯುವ ಧೈರ್ಯ ಅಲ್ಲಿ ಕಡಿಮೆಯಾಗಿದೆ.

ನನ್ನ ವಾದಕ್ಕೆ ಎದುರಾಗಿ ಬರುವ ಆಕ್ಷೇಪಗಳಲ್ಲಿ ನಿಜಕ್ಕೂ ತೂಕವಿರುವುದು ಒಂದು. ಕುಡಿತ ಬಿಡಿಸುತ್ತೇವೆಂದು ಬೋರ್ಡು ಹಾಕಿಕೊಂಡು ಜನರನ್ನು ಕೂಡಿಹಾಕುವ, ಹೊಡೆಯುವ ಕೇಂದ್ರಗಳಿವೆ. ವಿಮೆಯ ಹಣ ಅಂಥವರ ಪಾಲಾದರೆ ಏನು ಗತಿ? ಆತಂಕ ಸರಿಯಾದದ್ದೇ. ಆದರೆ ಆ ಕೇಂದ್ರಗಳು ಬೆಳೆದದ್ದು ಹತಾಶ ಹೆಂಡಂದಿರು, ತಾಯಂದಿರು ಒಡವೆ ಅಡವಿಟ್ಟು ಕೈಗೆ ಕೊಡುವ ನಗದಿನಿಂದ. ರಶೀದಿಯಿಲ್ಲ, ಕೇಸ್ ಶೀಟಿಲ್ಲ, ಕೇಳುವವರಿಲ್ಲ. 2017ರ ಕಾಯ್ದೆಯಡಿ ಮಾನಸಿಕ ಆರೋಗ್ಯ ಸಂಸ್ಥೆಗಳು ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ನೋಂದಾಯಿತ ಸಂಸ್ಥೆಗೆ ಮಾತ್ರ ವಿಮೆಯ ಹಣ ಎಂದರೆ, ನೋಂದಣಿಯಿಲ್ಲದ ಕಡೆ ಗಂಡನನ್ನು ಬಿಟ್ಟು ಬರುವ ಅನಿವಾರ್ಯತೆ ಅಂಥ ಹೆಂಗಸರಿಗೆ ಇರುವುದಿಲ್ಲ.

ಬದಲಾಗಬೇಕಾದ್ದು ಪರ್ವತವೇನಲ್ಲ. 12ನೇ ಸಂಕೇತದ ಹೊರಗಿಡುವಿಕೆಯನ್ನು ಐಆರ್‌ಡಿಎಐ ವಾಪಸು ಪಡೆಯಬೇಕು. ಕಡೇಪಕ್ಷ 'ಅದರ ಪರಿಣಾಮಗಳು' ಎಂಬುದನ್ನಾದರೂ ನಾಳೆಯೇ ಅಳಿಸಬೇಕು, ಆಗ ಮುರಿದ ಮೂಳೆಯ ಹೆಸರಲ್ಲಿ ಯಾರೂ ವೈದ್ಯರಿಗೆ ಸುಳ್ಳು ಹೇಳಬೇಕಾಗುವುದಿಲ್ಲ. ಡೇ ಕೇರ್ ಪಟ್ಟಿಗೆ ಮಾನಸಿಕ ಚಿಕಿತ್ಸೆಯ ಹೊರರೋಗಿ ಖರ್ಚು ವರ್ಷಕ್ಕೆ ಒಂದು ಮಿತಿಯೊಳಗೆ ಸೇರಬೇಕು. ಅಲ್ಲಿಯವರೆಗೆ ಕ್ಲೇಮು ತಿರಸ್ಕೃತವಾದವರು ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಲಿ. ಮೊದಲು ಕಂಪನಿಗೇ ದೂರು ಕೊಟ್ಟು, ಅಲ್ಲಿ ಪರಿಹಾರ ಸಿಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಅರ್ಜಿ ಹಾಕಬಹುದು. ಕರ್ನಾಟಕಕ್ಕೆ ಬೆಂಗಳೂರಿನಲ್ಲೇ ಕಚೇರಿಯಿದೆ, ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಅರ್ಜಿಯಲ್ಲಿ ಕಾಯ್ದೆಯ ಎರಡನೇ ಸೆಕ್ಷನ್ನಿನ ವ್ಯಾಖ್ಯಾನವನ್ನೂ 21ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿಯನ್ನೂ ಒಟ್ಟಿಗೆ ಬರೆಯಲಿ. ಪಾಲಿಸಿಯ ಷರತ್ತು ಸಂಸತ್ತಿನ ಕಾಯ್ದೆಗಿಂತ ದೊಡ್ಡದು ಎಂದು ಕಂಪನಿ ಆ ಕಚೇರಿಯಲ್ಲಿ ಬಾಯಿಬಿಟ್ಟು ವಾದಿಸಬೇಕಾಗುತ್ತದೆ.